ಓಡುವ ಯಂತ್ರಕ್ಕೆ ಪೂಜೆ

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಬಸವೇಶ್ವರನಗರದ ಆ ಮನೆಯ ಹಾಲ್‌ನಲ್ಲಿ ವತ್ಸಲಾ ಅವರ ಧ್ವನಿ ವಾಕ್ಯದ ನಡುವೆ ನಿಂತುಹೋಯಿತು. ನಿಂತದ್ದು ಸ್ಪೀಕರಿನಲ್ಲಿದ್ದ ಧ್ವನಿ. ಸ್ಪೀಕರಿನ ಎದುರು ಕುರ್ಚಿಯಲ್ಲಿ ಕೂತು ಆ ಧ್ವನಿಯ ಜೊತೆಜೊತೆಗೇ ಪಾಠ ಹೇಳುತ್ತಿದ್ದ ವತ್ಸಲಾ ಇನ್ನೊಂದು ಪದ ಮುಂದೆ ಹೋದರು, ಆಮೇಲೆ ಅವರೂ ನಿಂತರು. ಕೈಹಿಡಿದು ನಡೆಸುತ್ತಿದ್ದವರು ರಸ್ತೆ ಮಧ್ಯೆ ಕೈಬಿಟ್ಟಂತೆ ಗಂಡನ ಮುಖ ನೋಡಿದರು.

"ಒಂದ್ನಿಮಿಷ, ಏನೋ ಸಿಕ್ಕಾಕ್ಕೊಂಡಿದೆ," ಎಂದು ಲಕ್ಷ್ಮೀಪತಿ ಎದ್ದರು.

ವತ್ಸಲಾ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವರು. ನಿವೃತ್ತರಾದ ವರ್ಷವೇ ಲಾಕ್‌ಡೌನ್ ಬಂತು. ಕಣ್ಣು ಕಾಣದ ಹಳೆಯ ವಿದ್ಯಾರ್ಥಿಯೊಬ್ಬ, ಸಿದ್ದಲಿಂಗೇಶ್, ಫೋನ್ ಮಾಡಿ, "ಮೇಡಂ, ಓದಿ ಹೇಳೋರು ಯಾರೂ ಬರಕ್ಕಾಗ್ತಿಲ್ಲ" ಎಂದ. ಅಂದು ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಅವರು ಒಟ್ಟು ನಾನೂರ ಹನ್ನೆರಡು ಪಾಠಗಳನ್ನು ಓದಿ ರೆಕಾರ್ಡ್ ಮಾಡಿದರು. ಹದಿನಾಲ್ಕು ತಿಂಗಳ ಹಿಂದೆ, ಶ್ರಾವಣದ ಎರಡನೇ ಶುಕ್ರವಾರ, ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಅರ್ಧ ವಾಪಸ್ಸು ಬಂತು, ಕಾಲು ಪೂರ್ತಿ ಬಂತು, ಮಾತು ಬರಲಿಲ್ಲ. ಎದುರಿನವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದ್ದೂ ಒಳಗೆ ಇತ್ತು. ಹೊರಗೆ ಬರುತ್ತಿದ್ದದ್ದು ಒಂದು ಪದ, ಎರಡು ಪದ.

ಇನ್ನೊಬ್ಬರ ಧ್ವನಿಯ ಜೊತೆ ಕೂಡಿ ಹೇಳಿಸಿದರೆ ಮಾತ್ರ ವಾಕ್ಯಗಳು ಬರುತ್ತವೆ ಎಂದು ಕಂಡುಹಿಡಿದವಳು ಸ್ಪೀಚ್ ಥೆರಪಿಯ ಹುಡುಗಿ. "ಅಂಕಲ್, ಆಂಟಿದೇ ಹಳೇ ವಾಯ್ಸ್ ಇದ್ರೆ ಹಾಕ್ನೋಡಿ" ಎಂದವಳೂ ಅವಳೇ. ಹಾಕಿ ನೋಡಿದ ದಿನ ವತ್ಸಲಾ ತಮ್ಮದೇ ಧ್ವನಿಗೆ ಆತುಕೊಂಡು ಸತತ ಏಳು ವಾಕ್ಯ ಹೇಳಿದರು. ಲಕ್ಷ್ಮೀಪತಿ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡರು. ಅಂದಿನಿಂದ ಬೆಳಿಗ್ಗೆ ಹತ್ತಕ್ಕೆ ದಿನವೂ ಪಾಠ. ಧ್ವನಿಯ ಬೆಂಬಲವಿಲ್ಲದೆ ಒಂದು ಪೂರ್ತಿ ವಾಕ್ಯ ಇನ್ನೂ ಬಂದಿರಲಿಲ್ಲ. "ಬರುತ್ತೆ ಅಂಕಲ್, ನಿಲ್ಲಿಸ್ಬೇಡಿ ಅಷ್ಟೇ," ಎಂದಿದ್ದಳು ಹುಡುಗಿ.

ಆ ನಾನೂರ ಹನ್ನೆರಡು ಪಾಠಗಳು ಇದ್ದದ್ದು ಪುಸ್ತಕದ ಕೋಣೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನೊಳಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿದ ಲಕ್ಷ್ಮೀಪತಿ ನಿವೃತ್ತಿಯ ನಂತರ ಅದನ್ನು ತಾವೇ ಜೋಡಿಸಿ ಮನೆಯ ಸರ್ವರ್ ಮಾಡಿದ್ದರು. ಮನೆಯ ಫೋಟೊ, ಕಾಗದಪತ್ರ, ಪಾಠ, ಎಲ್ಲ ಅದರ ಎರಡು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ. ಅದು ಹಗಲೂ ರಾತ್ರಿ ಓಡುತ್ತಿತ್ತು.

ದೋಷ ಹುಡುಕಲು ಅವರಿಗೆ ಎಕ್ಸ್‌ಚೇಂಜಿನಲ್ಲಿ ಕಲಿತ ಕ್ರಮವಿತ್ತು: ಮೊದಲು ತಂತಿ, ಆಮೇಲೆ ಕರೆಂಟು, ಕೊನೆಗೆ ಯಂತ್ರ. ಅನುಮಾನವನ್ನು ಹೊರಗಿನಿಂದ ಒಳಗೆ ತರಬೇಕು. ಪ್ರತಿಯೊಂದನ್ನೂ ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯದ ಜೊತೆ ಬರೆಯಬೇಕು. ಭಾನುವಾರ ಡಿಸ್ಕಿನ ಕರೆಂಟು ತೆಗೆಯದೆ ಡೇಟಾ ಕೇಬಲ್ ಮಾತ್ರ ಬದಲಿಸಿದರು. ಏನೂ ಪ್ರಯೋಜನವಾಗಲಿಲ್ಲ. ಇನ್ವರ್ಟರಿನ ವೋಲ್ಟೇಜ್ ಅಳೆದರು, ಸರಿಯಾಗಿತ್ತು. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಎಕ್ಸ್‌ಚೇಂಜಿನ ಮೋಟಾರುಗಳ ಕಾಯಿಲೆಯನ್ನು ಅವರು ಹಾಗೇ ಕೇಳಿ ಹೇಳುತ್ತಿದ್ದರು. ತಿರುಗುವ ಸದ್ದು ಸಮನಾಗಿತ್ತು. ಅದರ ಮೇಲೆ, ನಾಲ್ಕೈದು ಸೆಕೆಂಡಿಗೊಮ್ಮೆ, ಉಗುರಿನಿಂದ ತಟ್ಟೆ ತಟ್ಟಿದಂತೆ ಟಿಕ್ ಎನ್ನುತ್ತಿತ್ತು.

ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆರೆದು ನೋಡಿದರು. ಓಡಿದ ಸಮಯ ನಲವತ್ತೆಂಟು ಸಾವಿರದ ಇನ್ನೂರು ಗಂಟೆ, ಐದೂವರೆ ವರ್ಷ. ಓದಲಾಗದೆ ಬಾಕಿ ಉಳಿದ ಜಾಗಗಳು ಹದಿನಾರು. ನೋಟ್‌ಬುಕ್ಕಿನಲ್ಲಿ '16' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಸೋಮವಾರ ಬೆಳಿಗ್ಗೆ ಅದು ನಲವತ್ತೆಂಟಾಗಿತ್ತು. ಹತ್ತು ಗಂಟೆಗೆ ವತ್ಸಲಾ ಎಂದಿನಂತೆ ಕುರ್ಚಿಯಲ್ಲಿ ಬಂದು ಕೂತರು.

"ಇವತ್ತು ನೆಟ್ ಇಲ್ಲ ಕಣೇ," ಎಂದರು ಲಕ್ಷ್ಮೀಪತಿ. "ಅವರಿಗೆ ಫೋನ್ ಮಾಡಿದೀನಿ. ಬಂದ್ ನೋಡ್ತಾರಂತೆ."

ಅಷ್ಟರಲ್ಲೇ ವತ್ಸಲಾ ಅವರ ಫೋನು ಟಿಂಗ್ ಎಂದಿತು. ದೀಪಾಂಜಲಿ ನಗರದ ತಂಗಿ ದಿನಾ ಕಳಿಸುವ ಶುಭೋದಯದ ವಿಡಿಯೊ. ವತ್ಸಲಾ ಅದನ್ನು ಹಾಕಿ, ಪೂರ್ತಿ ನೋಡಿ, ಫೋನನ್ನು ಗಂಡನ ಕಡೆ ತಿರುಗಿಸಿ ಹಿಡಿದರು. ನೆಟ್ ಚೆನ್ನಾಗೇ ಇತ್ತು.

"ಅದು ಬೇರೆ ನೆಟ್," ಎಂದು ಲಕ್ಷ್ಮೀಪತಿ ಅಡುಗೆಮನೆಗೆ ಹೋದರು. ಅಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ.

ಆ ಮಧ್ಯಾಹ್ನ ಸಿದ್ದಲಿಂಗೇಶನಿಗೆ ಫೋನ್ ಮಾಡಿದರು. ಅವನೀಗ ಬ್ಯಾಂಕಿನಲ್ಲಿದ್ದಾನೆ.

"ನಮಸ್ಕಾರ ಸಾರ್. ಮೇಡಂ ಹೇಗಿದಾರೆ?"

"ಚೆನ್ನಾಗಿದಾಳಪ್ಪ. ಅವಳು ಕಳಿಸ್ತಿದ್ದ ಪಾಠಗಳು ನಿನ್ ಹತ್ರ ಏನಾದ್ರೂ ಉಳ್ಕೊಂಡಿವೆಯಾ?"

"ಮೂರ್ ಫೋನ್ ಬದ್ಲಾಯ್ಸಿದೀನಿ ಸಾರ್. ನಾಲ್ಕೈದು ಇದ್ರೆ ಹೆಚ್ಚು." ಅವನು ನಕ್ಕ. "ಆದ್ರೆ ಒಂದು ಮಾತ್ರ ಬಾಯಿಪಾಠ ಆಗಿದೆ ಸಾರ್. ಮೇಡಂ ಕದಂಬರ ಪಾಠ ಓದ್ತಿರೋವಾಗ ಕುಕ್ಕರ್ ಕೂಗುತ್ತೆ. ತಕ್ಷಣ ಮೇಡಂ, 'ರೀ, ಮೂರಾಯ್ತು, ಗ್ಯಾಸ್ ಆಫ್ ಮಾಡಿ' ಅಂತಾರೆ. ಆಮೇಲೆ ಕದಂಬರು ಮುಂದುವರೀತಾರೆ. ಹಾಸ್ಟೆಲಲ್ಲಿ ನಾವೆಲ್ಲ ಅದೊಂದನ್ನ ಹತ್ ಸಲ ಹಾಕ್ಕೊಂಡು ಕೇಳ್ತಿದ್ವಿ."

ಆ ಭಾಗವನ್ನು ಕತ್ತರಿಸಬೇಕೆಂದು ಆಗ ಲಕ್ಷ್ಮೀಪತಿ ಹೇಳಿದ್ದರು. "ಇರ್ಲಿ ಬಿಡಿ, ಮಕ್ಕಳು ಎಚ್ಚರವಾಗ್ತಾರೆ" ಎಂದಿದ್ದರು ವತ್ಸಲಾ.

ಮಂಗಳವಾರ ಬಾಕಿ ಜಾಗಗಳು ಮುನ್ನೂರ ಹನ್ನೆರಡು. ಲಕ್ಷ್ಮೀಪತಿಯವರಿಗೆ ಈಗ ಯಾವ ಅನುಮಾನವೂ ಉಳಿದಿರಲಿಲ್ಲ. ಡಿಸ್ಕು ಸಾಯುತ್ತಿತ್ತು. ಒಂದೊಂದೇ ಪಾಠವನ್ನು ಕಾಪಿ ಮಾಡಲು ಹೊರಟರೆ ಅದು ಕೆಟ್ಟ ಜಾಗಕ್ಕೇ ಮತ್ತೆ ಮತ್ತೆ ಬಡಿದುಕೊಂಡು ಇನ್ನಷ್ಟು ಹಾಳಾಗುತ್ತಿತ್ತು. ಇಡೀ ಡಿಸ್ಕನ್ನೇ ಒಂದು ತುದಿಯಿಂದ ಇನ್ನೊಂದು ತುದಿಗೆ ಎತ್ತಿಕೊಳ್ಳಬೇಕು. ಅದಕ್ಕೆ ಅಷ್ಟೇ ದೊಡ್ಡದಾದ ಹೊಸ ಡಿಸ್ಕು ಬೇಕು. ರಾಜಾಜಿನಗರದ ಗುರುತಿನ ಅಂಗಡಿಗೆ ಹೋದರು. ಅಂಗಡಿಯ ಶ್ರೀಶೈಲ ಪ್ಯಾಂಟು ಮಡಚಿಕೊಂಡು ನೆಲಕ್ಕೆ ನೀರು ಹಾಕುತ್ತಿದ್ದ.

"ಇವತ್ ತೊಳೀತಾ ಇದೀವಿ ಸಾರ್, ನಾಳೆ ಪೂಜೆ. ದೊಡ್ಡ ಡಿಸ್ಕ್ ಸ್ಟಾಕಿಲ್ಲ. ನಾಳಿದ್ದು ದಶಮಿ, ಗಾಂಧಿ ಜಯಂತಿ ಬೇರೆ. ಶುಕ್ರವಾರ ತರಿಸ್ಕೊಡ್ತೀನಿ."

"ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ?"

"ಅಲ್ಲೂ ಅಷ್ಟೇ ಸಾರ್. ನೀವ್ ಹೋಗೋಷ್ಟೊತ್ತಿಗೆ ಶಟರ್ ಎಳ್ದಿರ್ತಾರೆ."

ಆದರೂ ಹೋದರು. ಶಟರ್ ಎಳೆದಿದ್ದರು. ಮೆಟ್ರೋದಲ್ಲಿ ವಾಪಸ್ಸು ಬರುವಾಗ ಲೆಕ್ಕ ಹಾಕಿದರು. ಹದಿನಾರು, ನಲವತ್ತೆಂಟು, ಮುನ್ನೂರ ಹನ್ನೆರಡು. ಶುಕ್ರವಾರದವರೆಗೆ ಅದು ಇರುವುದಿಲ್ಲ. ಆರಿಸಿ ಇಡೋಣವೆಂದರೆ, ಎರಡು ವರ್ಷದ ಹಿಂದಿನ ಆಯುಧಪೂಜೆಯ ನಂತರ ಒಮ್ಮೆಯೂ ನಿಲ್ಲದೆ ತಿರುಗಿದ ಇಂಥ ಡಿಸ್ಕು ತಣ್ಣಗಾದ ಮೇಲೆ ಮತ್ತೆ ತಿರುಗುತ್ತದೆಂಬ ಖಾತರಿ ಇಲ್ಲ. ಮುಟ್ಟದೆ, ಏನನ್ನೂ ಓದಿಸದೆ, ಹಾಗೇ ಓಡಲು ಬಿಡುವುದೊಂದೇ ದಾರಿ.

ಬುಧವಾರ ಆಯುಧಪೂಜೆ. ನಂದಿನಿ ಲೇಔಟಿನಿಂದ ಮಗಳು ಗಗನಾ ಬೆಳಿಗ್ಗೆ ಎಂಟಕ್ಕೇ ಬಂದಳು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಸ್ಕೂಟರಿನ ಮುಂದೆ ಬೂದುಗುಂಬಳ, ಹ್ಯಾಂಡಲಿನ ಎರಡೂ ಕಡೆ ಚೆಂಡುಹೂವಿನ ಚೀಲ.

"ವಿಜಯನಗರ ಮಾರ್ಕೆಟಲ್ಲಿ ಕಾಲಿಡಕ್ ಜಾಗ ಇಲ್ಲ. ಯಾಕಪ್ಪ, ಮುಖ ಹಿಂಗಿದೆ? ನಿದ್ದೆ ಮಾಡಿಲ್ವಾ?"

ಲಕ್ಷ್ಮೀಪತಿ ಅವಳನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಮೆಲ್ಲಗೆ ಎಲ್ಲ ಹೇಳಿದರು. ಗಗನಾಳ ನಗು ಹೋಯಿತು.

"ಇನ್ನೊಂದು ಕಾಪಿ ಇಲ್ವಾ? ನೀವಾ? ನೀರಿನ್ ಬಿಲ್ಲೂ ಎರಡೆರಡು ಜೆರಾಕ್ಸ್ ಮಾಡಿಸ್ತಿದ್ದ ನೀವಾ ಅಪ್ಪ?"

"ಮಾಡ್ಬೇಕು ಅಂತಿದ್ದೆ. ಅಷ್ಟರಲ್ಲಿ ನಿಮ್ಮಮ್ಮನಿಗೆ ಹಂಗಾಯ್ತು. ಆಮೇಲೆ ಆಸ್ಪತ್ರೆ, ಮನೆ, ಆಸ್ಪತ್ರೆ. ತಲೇಲೇ ಉಳೀಲಿಲ್ಲ."

"ಅಮ್ಮನಿಗೆ ಗೊತ್ತಾ?"

"ಹೇಳಿಲ್ಲ."

ಹಿಂದಿನ ವರ್ಷ ಆ ಮನೆಯಲ್ಲಿ ಹಬ್ಬ ಮಾಡಿರಲಿಲ್ಲ. ಈ ವರ್ಷ ವತ್ಸಲಾ ಹಟ ಹಿಡಿದಿದ್ದರು. ಹಾಲ್‌ನಲ್ಲಿ ಚಾಪೆಯ ಮೇಲೆ ಮಿಕ್ಸಿ, ಗ್ರೈಂಡರು, ಹೊಲಿಗೆ ಯಂತ್ರ, ಗಂಡನ ಟೂಲ್ ಬಾಕ್ಸು, ಆ ಉದ್ದನೆಯ ಸ್ಕ್ರೂಡ್ರೈವರು ಎಲ್ಲ ಒರೆಸಿ ಸಾಲಾಗಿ ಇಡಿಸಿದ್ದರು. ಇವೆಲ್ಲಕ್ಕೂ ಅಂದು ರಜೆ. ಮಿಕ್ಸಿ ತಿರುಗಬಾರದೆಂದು ಚಟ್ನಿಯನ್ನು ಹಿಂದಿನ ದಿನವೇ ರುಬ್ಬಿ ಇಟ್ಟಿದ್ದರು. ಶಾಸ್ತ್ರದ ವಿಷಯದಲ್ಲಿ ವತ್ಸಲಾ ಯಾವತ್ತೂ ಹಾಗೇ. ಮಗಳ ಮೊದಲ ಸ್ಕೂಟರು ಆಷಾಢದಲ್ಲಿ ಬಂತೆಂದು ಹತ್ತೊಂಬತ್ತು ದಿನ ಬೆಡ್‌ಶೀಟು ಹೊದಿಸಿ ನಿಲ್ಲಿಸಿದ್ದರು. "ಸ್ಕೂಟರಿಗೆ ಬಾಣಂತನ" ಎಂದು ಗಗನಾ ಬೀದಿಯವರಿಗೆಲ್ಲ ಹೇಳಿ ನಗಿಸಿದ್ದಳು.

ಸಾಲನ್ನೊಮ್ಮೆ ನೋಡಿ, ವತ್ಸಲಾ ಪುಸ್ತಕದ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಒಳಗೆ ಸರ್ವರಿನ ಹಸಿರು ದೀಪ ಮಿನುಗುತ್ತಿತ್ತು.

"ನಿ... ಲ್ಲಿ... ಸಿ," ಎಂದರು.

"ಅದು ಇರ್ಲಿ ಬಿಡೇ."

ವತ್ಸಲಾ ತಲೆಯಾಡಿಸಿದರು. ಕೈಯಲ್ಲಿ ಆರಿಸುವ ಸನ್ನೆ ಮಾಡಿದರು. ಗಂಡ ಕದಲದಿದ್ದಾಗ ತಾವೇ ಸ್ವಿಚ್ಚಿನ ಕಡೆ ಹೆಜ್ಜೆ ಇಟ್ಟರು. ಲಕ್ಷ್ಮೀಪತಿ ಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವರು ಹೆಂಡತಿಗೆ ಹಾಗೆ ಅಡ್ಡ ನಿಂತದ್ದಿಲ್ಲ. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು.

"ವತ್ಸಲಾ, ಇದನ್ನ ಆರಿಸಿದ್ರೆ ಮತ್ತೆ ಏಳಲ್ಲ ಕಣೇ," ಎಂದರು. "ನೆಟ್ ಚೆನ್ನಾಗೇ ಇದೆ. ನಾನೇ ಸುಳ್ಳು ಹೇಳಿದ್ದು. ಡಿಸ್ಕ್ ಹೋಗ್ತಾ ಇದೆ. ನಿನ್ನ ಪಾಠ ಎಲ್ಲಾ ಇದೊಂದರಲ್ಲೇ ಇರೋದು. ನಾನು ಇನ್ನೊಂದು ಕಾಪಿ ಮಾಡಿಡಲಿಲ್ಲ. ಹೊಸ ಡಿಸ್ಕ್ ಶುಕ್ರವಾರದವರೆಗೂ ಸಿಗಲ್ಲ."

ವತ್ಸಲಾ ಅಳಲಿಲ್ಲ. ಒಂದು ಬೆರಳೆತ್ತಿ 'ತಡೀರಿ' ಎಂಬಂತೆ ತೋರಿಸಿ ದೇವರ ಕೋಣೆಗೆ ಹೋದರು.

"ಪ್ರಾರ್ಥನೆ ಮಾಡಕ್ ಹೋದ್ಲೇನೋ," ಎಂದರು ಲಕ್ಷ್ಮೀಪತಿ.

ಒಳಗಿನಿಂದ ಫೋಟೊ ಸರಿಸುವ ಸದ್ದು ಬಂತು, ಗಂಟೆಯೊಂದು ಉರುಳಿತು. ವತ್ಸಲಾ ಎಡಗೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಬಂದರು. ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಮೇಲೆ ಒಣಗಿದ ಕುಂಕುಮದ ಬೊಟ್ಟು. ನಾಲ್ಕು ಟೆರಾಬೈಟಿನ ಡಿಸ್ಕು, ಹೊರಗಿನಿಂದ ವೈರಿನಲ್ಲಿ ಜೋಡಿಸುವಂಥದ್ದು.

ಲಕ್ಷ್ಮೀಪತಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಪೆಟ್ಟಿಗೆಗೆ ಸಿಕ್ಕಿಸಿದ್ದ ಬಿಲ್ಲಿನಲ್ಲಿ ಅವರದೇ ಹೆಸರಿತ್ತು. ಹೋದ ವರ್ಷದ ಜುಲೈ.

"ಆ... ಷಾ... ಢ," ಎಂದರು ವತ್ಸಲಾ, ಪೆಟ್ಟಿಗೆಯ ಮೇಲೆ ಒಂದೊಂದು ಅಕ್ಷರಕ್ಕೂ ಬೆರಳು ತಟ್ಟುತ್ತ.

ಆಗ ಎಲ್ಲ ನೆನಪಾಯಿತು. ಎರಡನೇ ಕಾಪಿಗೆಂದೇ ಅದನ್ನು ಕೊಂಡು ತಂದಿದ್ದರು. "ಹೊಸದು, ಆಷಾಢದಲ್ಲಿ ಶುರು ಮಾಡ್ಬೇಡಿ, ಶ್ರಾವಣ ಬರ್ಲಿ" ಎಂದು ವತ್ಸಲಾ ತೆಗೆದು ದೇವರ ಫೋಟೊದ ಹಿಂದೆ ಇಟ್ಟಿದ್ದರು. ಶ್ರಾವಣ ಬಂದಿತ್ತು, ಜೊತೆಗೆ ಆ ಶುಕ್ರವಾರವೂ. ಡಿಸ್ಕನ್ನು ಕೊಂಡವರು ಮರೆತರು. ಇಟ್ಟವರಿಗೆ ನೆನಪಿತ್ತು. ಆದರೆ ಅದೀಗ ಬೇಕಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಹದಿನಾಲ್ಕ್ ತಿಂಗಳ ಆಷಾಢನಾ ಅಮ್ಮ?" ಗಗನಾ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು. "ನನ್ ಸ್ಕೂಟರಿಗೆ ಹತ್ತೊಂಬತ್ತೇ ದಿನ ಮಾಡಿದ್ದೆ!"

ವತ್ಸಲಾ ಮಗಳ ತಲೆಗೆ ಮೆಲ್ಲಗೆ ಮೊಟಕಿದರು. ಆಮೇಲೆ ಓಡುತ್ತಿದ್ದ ಯಂತ್ರವನ್ನು ನೋಡಿದರು, ಸಾಲಾಗಿ ಇಟ್ಟ ಪೂಜೆಯ ಸಾಮಾನನ್ನು ನೋಡಿದರು. ಹಣೆಯ ಮೇಲೆ ಗೆರೆ ಮೂಡಿತು. ಅಂದು ಯಂತ್ರಕ್ಕೆ ಕೆಲಸ ಕೊಡುವುದು ಹೇಗೆ ಎಂಬುದು ಅವರ ಚಿಂತೆ.

"ಎಕ್ಸ್‌ಚೇಂಜಲ್ಲಿ ನಾವು ಆಯುಧಪೂಜೆ ಹೇಗೆ ಮಾಡ್ತಿದ್ವಿ ಗೊತ್ತಾ?" ಎಂದರು ಲಕ್ಷ್ಮೀಪತಿ. "ಅದನ್ನ ನಿಲ್ಲಿಸೋ ಹಾಗೇ ಇರ್ಲಿಲ್ಲ. ಊರಿನ ಫೋನೆಲ್ಲ ಸತ್ತೋಗ್ತಿತ್ತು. ಹನುಮಂತಯ್ಯ ಅಂತ ನಮ್ ಸೂಪರ್‌ವೈಸರು. ಓಡ್ತಿರೋ ಯಂತ್ರಕ್ಕೇ ಮಂಗಳಾರತಿ ಎತ್ತೋರು. 'ಡ್ಯೂಟೀಲಿರೋರು ನಿಂತ್ಕೊಂಡೇ ಪ್ರಸಾದ ತಗೊಳ್ಳಲ್ವೇನ್ರಯ್ಯಾ, ಹಂಗೇ ಇದೂನೂ' ಅನ್ನೋರು. ಮೂವತ್ತೇಳು ವರ್ಷ ಹಂಗೇ ಮಾಡಿದೀವಿ. ದೇವರು ಒಂದ್ ದಿನಾನೂ ಕಂಪ್ಲೇಂಟ್ ಕೊಟ್ಟಿಲ್ಲ."

ವತ್ಸಲಾ ಪೆಟ್ಟಿಗೆಯನ್ನು ಗಂಡನ ಕೈಗಿಟ್ಟರು.

ಹತ್ತು ನಲವತ್ತಕ್ಕೆ ಕಾಪಿ ಶುರುವಾಯಿತು. ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನು ಮೊದಲು ಎತ್ತಿಕೊಂಡು, ತಕರಾರು ಮಾಡಿದ್ದನ್ನು ದಾಟಿ, ಕೊನೆಗೆ ಅದಕ್ಕೇ ಹಿಂತಿರುಗುವ ಪ್ರೋಗ್ರಾಂ ಅದು. ಪರದೆಯ ಮೇಲೆ ಒಂದು ಸಂಖ್ಯೆ ಮೆಲ್ಲಗೆ ಏರತೊಡಗಿತು. ಗಗನಾ ಟೇಬಲ್ ಫ್ಯಾನು ತಂದು ಡಿಸ್ಕಿನ ಕಡೆ ತಿರುಗಿಸಿ ಇಟ್ಟಳು.

ಆಮೇಲೆ ಪೂಜೆ. ಮಿಕ್ಸಿ, ಗ್ರೈಂಡರು, ಸ್ಕೂಟರುಗಳು ಮುಗಿದು ಕೊನೆಗೆ ಸರ್ವರು. ವತ್ಸಲಾ ಗಂಧದ ಬಟ್ಟಲನ್ನು ಎಡಗೈಯಲ್ಲಿ ಹಿಡಿದರು. ಗಂಧ ಹಚ್ಚುವುದು ಬಲಗೈಯಲ್ಲಿ, ಅದು ಮೇಲೆ ಏಳುತ್ತಿತ್ತು, ನಡುಗುತ್ತಿತ್ತು. ಎಡಗೈಯಲ್ಲಿ ಹಚ್ಚಲು ಅವರಿಗೆ ಮನಸ್ಸಿರಲಿಲ್ಲ. ಲಕ್ಷ್ಮೀಪತಿ ಹಿಂದಿನಿಂದ ಬಂದು ಅವರ ಬಲ ಮಣಿಕಟ್ಟನ್ನು ಹಿಡಿದುಕೊಂಡರು. "ಗಾಳಿ ಹೋಗೋ ತೂತಿಗೆ ಬೇಡ, ಈ ಕಡೆ, ಹಾಂ," ಎಂದು ಕೈಯನ್ನು ತಗಡಿನ ಮೇಲ್ಭಾಗಕ್ಕೆ ತಂದರು. ಮೂರು ಬೆರಳಿನ ಗೆರೆ ಸೊಟ್ಟಗೆ ಬಿತ್ತು. ಅದರ ನಡುವೆ ಕುಂಕುಮ. ಗಗನಾ ಗಂಟೆ ಬಾರಿಸಿದಳು. ಕೋಣೆಯೊಳಗೆ ಡಿಸ್ಕು ಟಿಕ್ ಎಂದಿತು, ಓಡುತ್ತಲೇ ಇತ್ತು.

ಮಧ್ಯಾಹ್ನ ಎರಡಕ್ಕೆ ಶೇಕಡಾ ಐವತ್ತೆಂಟು. ಒಬ್ಬಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮೀಪತಿ ಪರದೆಯ ಮುಂದೆಯೇ ಕೂತಿದ್ದರು.

"ಐಸಿಯು ಹೊರಗೆ ಕೂತೋರ ಥರ ಕೂತಿದೀರಲ್ಲಪ್ಪ," ಎಂದಳು ಗಗನಾ.

"ಅಲ್ಲಿ ಒಳಗೆ ಬಿಡ್ತಿರ್ಲಿಲ್ಲ," ಎಂದರು ಅವರು.

ವತ್ಸಲಾ ಇನ್ನೊಂದು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಐದು ಗಂಟೆಗೆ ತೊಂಬತ್ತೊಂದು. ಸದ್ದು ಹೆಚ್ಚಾಯಿತು. ಏಳಕ್ಕೆ ತೊಂಬತ್ತೊಂಬತ್ತು ದಾಟಿ ಸಂಖ್ಯೆ ಏರುವುದು ನಿಂತಿತು. ಪ್ರೋಗ್ರಾಂ ಬಿಟ್ಟುಹೋದ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬರುತ್ತಿತ್ತು. ಏಳೂ ನಲವತ್ತಕ್ಕೆ ಡಿಸ್ಕು ಕರಕರ ಎಂದು ಒಂದು ಸಲ ಎಳೆದು ಸುಮ್ಮನಾಯಿತು.

ಎತ್ತಲಾಗದೆ ಉಳಿದದ್ದು ಅರವತ್ತಾರು ಮೆಗಾಬೈಟು, ಇಡೀ ಡಿಸ್ಕಿನಲ್ಲಿ. ಪಾಠಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಾನೂರ ಒಂಬತ್ತು ಪೂರ್ತಿ ಇದ್ದವು. ಎರಡರಲ್ಲಿ ಕೆಲವು ಸೆಕೆಂಡು ಇರಲಿಲ್ಲ. ನೂರ ಮೂವತ್ತೇಳನೆಯದರಲ್ಲಿ, ಕೆರೆಗಳ ಪಾಠದಲ್ಲಿ, ನಡುವೆ ಮೂರು ನಿಮಿಷ ನಲವತ್ತು ಸೆಕೆಂಡು ಹೋಗಿತ್ತು. ಕದಂಬರ ಪಾಠ ಇತ್ತು, ಕುಕ್ಕರೂ ಇತ್ತು. ಲಕ್ಷ್ಮೀಪತಿ ಹಳೆಯ ಡಿಸ್ಕಿನ ವೈರು ಬಿಚ್ಚಿಕೊಟ್ಟರು, ವತ್ಸಲಾ ಅದನ್ನು ಚಾಪೆಯ ಮೇಲೆ ಮಿಕ್ಸಿಯ ಪಕ್ಕ ಇಟ್ಟರು, ಮೇಲೆ ಒಂದು ಚೆಂಡುಹೂವು. ಅದು ಮತ್ತೆ ತಿರುಗಲಿಲ್ಲ.

ಮರುದಿನ ವಿಜಯದಶಮಿ. ಹತ್ತು ಗಂಟೆಗೆ ವತ್ಸಲಾ ಕುರ್ಚಿಗೆ ಬಂದಾಗ ಕೈಯಲ್ಲಿ ಹಳೆಯ ಪಠ್ಯಪುಸ್ತಕವಿತ್ತು. ಬೆರಳಲ್ಲಿ ತೋರಿಸಿದರು: ಒಂದು, ಮೂರು, ಏಳು.

"ಅದು ಬೇಡ ಕಣೇ, ಮಧ್ಯೆ ಹೋಗಿದೆ. ಬೇರೆ ಹಾಕ್ತೀನಿ."

ಮತ್ತೆ ಒಂದು, ಮೂರು, ಏಳು. ಆಮೇಲೆ ಅಲಮಾರಿನ ಕಡೆ ಕೈ ತೋರಿಸಿದರು. ಮೈಕು ಅದರೊಳಗಿತ್ತು. ಲಕ್ಷ್ಮೀಪತಿ ತೆಗೆದು, ಧೂಳು ಒರೆಸಿ, ಅವರ ಮುಂದೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದರು.

ಪಾಠ ಶುರುವಾಯಿತು. ಸ್ಪೀಕರಿನ ವತ್ಸಲಾ, ಜೊತೆಗೆ ಕುರ್ಚಿಯ ವತ್ಸಲಾ, ಬೆಂಗಳೂರಿನ ಕೆರೆಗಳ ಬಗ್ಗೆ ಹೇಳುತ್ತ ಹೋದರು. ಹೋದ ಭಾಗ ಬಂತು. ಸ್ಪೀಕರು ಸುಮ್ಮನಾಯಿತು, ಲಕ್ಷ್ಮೀಪತಿ ಪಾಠವನ್ನು ಅಲ್ಲೇ ನಿಲ್ಲಿಸಿದರು. ವತ್ಸಲಾ ಕೂಡ ನಿಂತರು. ಪುಟದ ಮೇಲೆ ಬೆರಳಿಟ್ಟರು.

"ಮೇ... ಲಿನ," ಎಂದರು. ನಿಂತರು. "ಮೇಲಿನ ಕೆರೆ... ತುಂ... ತುಂಬಿ..."

ಲಕ್ಷ್ಮೀಪತಿಯವರ ತುಟಿಗಳು ತಾವಾಗೇ ಆಡುತ್ತಿದ್ದವು. ವತ್ಸಲಾ ಅದನ್ನು ನೋಡಿ ಕೈ ಅಡ್ಡ ಹಿಡಿದರು. ಲಕ್ಷ್ಮೀಪತಿ ಬಾಯಿ ಮುಚ್ಚಿದರು.

"ಮೇಲಿನ ಕೆರೆ ತುಂಬಿದ ಮೇಲೆ... ನೀರು... ಕೋಡಿ... ಹರಿದು... ಕೆಳ... ಗಿನ ಕೆರೆಗೆ..."

ಒಂದು ವಾಕ್ಯಕ್ಕೆ ಎರಡು ನಿಮಿಷ ಹಿಡಿಯಿತು. ಹಣೆಯ ಮೇಲೆ ಬೆವರು. ಎರಡನೆಯ ವಾಕ್ಯ ಶುರು ಮಾಡಿದರು. ಅಡುಗೆಮನೆಯಲ್ಲಿ ಗಗನಾ ಬೇಳೆಗಿಟ್ಟಿದ್ದಳು. ಕುಕ್ಕರು ಒಂದು ಸಲ ಕೂಗಿತು. ವತ್ಸಲಾ ಓದುತ್ತಲೇ ಇದ್ದರು. ಇನ್ನೊಂದು ಸಲ ಕೂಗಿತು. ಗಗನಾ ಹಿತ್ತಿಲಲ್ಲಿ ಯಾರ ಜೊತೆಗೋ ಫೋನಿನಲ್ಲಿದ್ದಳು. ಮೂರನೆಯ ಸಲ ಕೂಗಿತು.

ವತ್ಸಲಾ ಪುಸ್ತಕದಿಂದ ಕಣ್ಣು ತೆಗೆಯದೆ, ಸ್ವಲ್ಪ ಸಿಡುಕಿನಿಂದಲೇ, "ರೀ, ಮೂರಾಯ್ತು, ಗ್ಯಾಸ್ ಆಫ್ ಮಾಡಿ," ಎಂದರು.

ಆಮೇಲೆ ತಾವೇ ತಲೆಯೆತ್ತಿ ಗಂಡನನ್ನು ನೋಡಿದರು.

ಲಕ್ಷ್ಮೀಪತಿ ಕೂಡಲೇ ಏಳಲಿಲ್ಲ. ನಾಲ್ಕನೆಯ ಕೂಗೂ ಆಯಿತು. ಆಗ ಎದ್ದು ಹೋಗಿ ಗ್ಯಾಸ್ ಆರಿಸಿದರು. ಹಾಲ್‌ನಿಂದ ಮತ್ತೆ ಧ್ವನಿ ಕೇಳಿಬಂತು, ಒಂದೊಂದೇ ಪದವಾಗಿ, ಯಾರ ಜೊತೆಯೂ ಇಲ್ಲದೆ.

ಸಂಜೆ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದರು: "ಪಾಠ 137, ಹೋದ ಭಾಗ ಮತ್ತೆ ಓದಿಸಲಾಗಿದೆ. ಮೊದಲಿನ ಅವಧಿ 3 ನಿ. 40 ಸೆ. ಈಗಿನದು 26 ನಿ. ಎರಡನೇ ಕಾಪಿಗೆ ಡಿಸ್ಕ್ ಶುಕ್ರವಾರ ಶ್ರೀಶೈಲನಿಂದ ತರುವುದು, ಅಂದೇ ಶುರು ಮಾಡುವುದು." ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಕುಕ್ಕರಿನ ಸದ್ದು ಇದೆ. ತೆಗೆಯಬಾರದು."